ಹೋಲಿಸುವುದು ಸೈಕಲನ್ನೋ, ಟಯರಿನ ಗಾಳಿಯನ್ನೋ?

ಎರಡು ಸ್ಟೀಲ್ ಸೈಕಲ್‌ಗಳನ್ನು ಒಂದೊಂದು ಸುತ್ತು ಓಡಿಸಿ, 'ಇದು ಹಗುರ, ಅದು ಎತ್ತಿನ ಗಾಡಿ' ಎಂದು ತೀರ್ಪು ಕೊಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಆ ಎತ್ತಿನ ಗಾಡಿಯ ಹಿಂದಿನ ಟಯರನ್ನು ಹೆಬ್ಬೆರಳಿನಿಂದ ಒತ್ತಿದರೆ ಬೆರಳು ಒಳಗೆ ಇಳಿಯುತ್ತದೆ. ಫ್ರೇಮಿನ ತಪ್ಪೇನೂ ಇರುವುದಿಲ್ಲ, ಗಾಳಿ ಇರುವುದಿಲ್ಲ ಅಷ್ಟೇ.

ಟೂರಿಂಗ್ ಸೈಕಲನ್ನೂ ಆಲ್‌ರೌಂಡರನ್ನೂ ನ್ಯಾಯವಾಗಿ ಹೋಲಿಸಬೇಕಾದರೆ ಮೊದಲು, ಯಾವುದು ಯಾವ ಕೆಲಸಕ್ಕೆಂದು ತಿಳಿಯಿರಿ. ಟೂರಿಂಗ್ ಸೈಕಲ್ ದೂರದ ಪ್ರವಾಸಕ್ಕೆ ಹೊರೆ ಹೊರಲು ಹುಟ್ಟಿದ್ದು. ಆಲ್‌ರೌಂಡರ್ ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಒಗ್ಗುವಂಥದ್ದು. ಪೆಡಲುಗಳು ಸುತ್ತುವ ಅಚ್ಚಿನ ನಡುವಿನಿಂದ ಹಿಂಚಕ್ರದ ನಡುವಿಗೆ ಅಳತೆ ಹಿಡಿದರೆ ವ್ಯತ್ಯಾಸ ಕಾಣುತ್ತದೆ. ಸರ್ಲಿ ಎಂಬ ಸೈಕಲ್ ಕಂಪನಿಯದೇ ಎರಡು ಹಳೆಯ ಮಾದರಿಗಳನ್ನು ನೋಡಿ: ಟೂರಿಂಗಿನ ಲಾಂಗ್ ಹಾಲ್ ಟ್ರಕ್ಕರ್‌ನಲ್ಲಿ ಈ ದೂರ 460 ಮಿ.ಮೀ. ಇತ್ತು, ಆಲ್‌ರೌಂಡರ್ ಆದ ಕ್ರಾಸ್‌ಚೆಕ್‌ನಲ್ಲಿ 425. ಮೂರೂವರೆ ಸೆಂಟಿಮೀಟರ್ ಎಂದರೆ ತುಳಿಯುವಾಗ ಹಿಮ್ಮಡಿ ಹಿಂದಿನ ಕ್ಯಾರಿಯರಿನ ಚೀಲಕ್ಕೆ ತಾಗುವುದಕ್ಕೂ ತಾಗದಿರುವುದಕ್ಕೂ ಇರುವ ಅಂತರ.

ಎರಡೂ ಸೈಕಲ್‌ಗಳಲ್ಲಿ ಸೀಟು, ಹ್ಯಾಂಡಲ್ ಒಂದೇ ರೀತಿ ಇರುವಂತೆ ಮಾಡಿ. ನಿಮ್ಮದೇ ಸೀಟನ್ನು ಬಿಚ್ಚಿ ಎರಡಕ್ಕೂ ಹಾಕಿ, ಅದೇ ಎತ್ತರಕ್ಕೆ ಬಿಗಿಯಿರಿ. ಜೆಲ್ ಕವರ್ ಹಾಕಿದ್ದರೆ ಕಿತ್ತು ಬಿಸಾಡಿ. ಅದು ಹೋಲಿಕೆಯನ್ನೂ ಕೆಡಿಸುತ್ತದೆ, ಕೂರುವ ಜಾಗವನ್ನೂ.

ಈಗ ಟಯರ್. ಹೆಚ್ಚಿನವರು ಕೆಡುವುದು ಇಲ್ಲಿಯೇ. ರಸ್ತೆಯ ಗುದ್ದು ಕೈಗೆ ಬರುವ ಮೊದಲು ಅದನ್ನು ನುಂಗುವುದು ಟಯರ್. ಫ್ರೇಮಿನ ಪಾಲು ಅದರ ಮುಂದೆ ಅತ್ಯಲ್ಪ. ಆದ್ದರಿಂದ ಎರಡರಲ್ಲೂ ಒಂದೇ ಮಾದರಿಯ, ಒಂದೇ ಅಗಲದ ಟಯರ್ ಇರಬೇಕು. ಪಕ್ಕದಲ್ಲಿ ಅಗಲವೆಂದು ಅಚ್ಚಾದ 38 (ಮಿ.ಮೀ.) ಎಂಬ ಸಂಖ್ಯೆಯನ್ನು ನಂಬಬೇಡಿ. ಕಿರಿದಾದ ರಿಮ್ಮಿನ ಮೇಲೆ ಅದೇ ಟಯರ್ ಎರಡು ಮಿ.ಮೀ. ಸಣ್ಣದಾಗಬಹುದು, ಕ್ಯಾಲಿಪರ್ ಹಿಡಿದು ಅಳೆಯಿರಿ. ಟಯರಿನ ಪಕ್ಕೆಯನ್ನು ಎರಡು ಬೆರಳಿನ ನಡುವೆ ಹಿಚುಕಿಯೂ ನೋಡಿ. ಪಂಕ್ಚರ್ ಆಗದಂತೆ ದಪ್ಪ ಪಟ್ಟಿ ಕೂಡಿಸಿದ ಟಯರುಗಳು ಮರದ ತುಂಡಿನಂತೆ ಓಡುತ್ತವೆ, ಅದಕ್ಕೆ ಬೈಸಿಕೊಳ್ಳುವುದು ಪಾಪದ ಫ್ರೇಮು.

ಗಾಳಿಯನ್ನು ಒಂದೇ ಪಂಪಿನಿಂದ, ಒಂದೇ ಮೀಟರ್ ನೋಡಿ ತುಂಬಿ. ಎರಡು ಪಂಪುಗಳ ಮೀಟರುಗಳು ಒಂದೇ ಮಾತು ಹೇಳಿದ್ದನ್ನು ನಾನು ಕಂಡಿಲ್ಲ. 75 ಕೆ.ಜಿ. ತೂಕದವರಿಗೆ 38 ಮಿ.ಮೀ. ಟಯರಿಗೆ ಮುಂದೆ 40, ಹಿಂದೆ 45 ಪಿಎಸ್‌ಐ ಹಾಕಿ ಶುರು ಮಾಡುತ್ತೇನೆ. ಹಿಂಚಕ್ರದ ಮೇಲೆ ಭಾರ ಹೆಚ್ಚು, ಅದಕ್ಕೆ ಆ ಐದು. ಎರಡು ಸೈಕಲ್‌ಗಳ ಬ್ರೇಕಿನ ಬಗೆ ಮತ್ತು ಚಕ್ರದ ನಡುವಿನ ಹಬ್‌ನ ಅಗಲ ಹೊಂದಿದರೆ ಇಷ್ಟೆಲ್ಲ ರಗಳೆ ಬೇಡ, ಒಂದೇ ಜೋಡಿ ಚಕ್ರವನ್ನು ಎರಡಕ್ಕೂ ಹಾಕಿ ಓಡಿಸಿ. ನಾನು ಒಪ್ಪುವ ಅಡ್ಡದಾರಿ ಇದೊಂದೇ.

'ಈ ಸ್ಟೀಲು ದುಬಾರಿ, ಸ್ಪ್ರಿಂಗಿನಂತೆ ಪುಟಿಯುತ್ತದೆ' ಎನ್ನುವವರು ಸಿಕ್ಕೇ ಸಿಗುತ್ತಾರೆ. 1935ರಲ್ಲಿ ಬಂದ ರೆನಾಲ್ಡ್ಸ್ 531 ಎಂಬ ಹೆಸರಾಂತ ಸ್ಟೀಲ್ ಪೈಪಿನ ಸ್ಟಿಕ್ಕರ್ ಕಂಡರೆ ಕೈಮುಗಿಯುವವರೂ ಇದ್ದಾರೆ. ಆದರೆ ಅಗ್ಗದ ಸ್ಟೀಲಿಗೂ ದುಬಾರಿ ಸ್ಟೀಲಿಗೂ ಬಾಗುವ ಗುಣ ಹೆಚ್ಚುಕಡಿಮೆ ಒಂದೇ. ದುಬಾರಿಯದು ಸುಲಭಕ್ಕೆ ಮುರಿಯದಷ್ಟು ಗಟ್ಟಿ, ಅದರಿಂದ ತೆಳು ಪೈಪ್ ಮಾಡಬಹುದು. ಸವಾರಿಯಲ್ಲಿ ಗೊತ್ತಾಗುವುದು ಪೈಪಿನ ವ್ಯಾಸ ಮತ್ತು ಗೋಡೆಯ ದಪ್ಪ.

ಖಾಲಿ ಓಡಿಸಿ. ಅದೇ ರಸ್ತೆ, ಅದೇ ಏರು. ನಡಿಗೆಯ ವೇಗದಲ್ಲಿ ನೇರ ಗೆರೆ ಹಿಡಿದು ಹೋಗಿ, ಆಮೇಲೆ ಸೀಟಿನಿಂದ ಎದ್ದು ತುಳಿಯಿರಿ. ಆಲ್‌ರೌಂಡರ್ ಇಲ್ಲಿ ಗೆಲ್ಲುತ್ತದೆ. ಮನಸೋತು ಇಲ್ಲಿಯೇ ದುಡ್ಡು ಎಣಿಸಬೇಡಿ.

ಹೊರೆ ಹಾಕಿ. ಒಂದು ಲೀಟರಿನ 14 ನೀರಿನ ಬಾಟಲಿ ತುಂಬಿ ಪಕ್ಕದ ಎರಡು ಚೀಲಗಳಿಗೆ ಏಳೇಳು ಇಡಿ. ಸಂದಿಗೆ ಹಳೆ ಬಟ್ಟೆ ತುರುಕಿದರೆ ಕುಲುಕುವುದಿಲ್ಲ. ಸೀಟಿನ ಕಂಬಕ್ಕೆ ಮಾತ್ರ ಕಚ್ಚಿಸುವ ಕ್ಯಾರಿಯರ್ ಬೇಡ, ಅದು ತಾನೇ ಬಾಲ ಅಲ್ಲಾಡಿಸುತ್ತದೆ. ವಾಹನಗಳಿಲ್ಲದ ಇಳಿಜಾರಿನಲ್ಲಿ ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ತೆಳು ಪೈಪಿನ ಸೈಕಲಾದರೆ ಒಂದು ಹಂತದಲ್ಲಿ ಹ್ಯಾಂಡಲ್ ಎಡಬಲಕ್ಕೆ ಗಡಗಡ ನಡುಗಲು ಶುರುವಾಗಬಹುದು. ಗಾಬರಿಯಿಂದ ಹ್ಯಾಂಡಲನ್ನು ಬಿಗಿಹಿಡಿದರೆ ನಡುಕ ಇನ್ನೂ ಹೆಚ್ಚುತ್ತದೆ. ಮೇಲಿನ ಪೈಪನ್ನು ಎರಡೂ ಮೊಣಕಾಲಿನಿಂದ ಒತ್ತಿ, ಮೆಲ್ಲಗೆ ಬ್ರೇಕ್ ಹಾಕಿ. ಒಳ್ಳೆಯ ಟೂರಿಂಗ್ ಸೈಕಲ್ ಈ ಹೊರೆಯಲ್ಲೇ ಹದಕ್ಕೆ ಬರುತ್ತದೆ. ಖಾಲಿ ಇದ್ದಾಗಿನ ಮೊಂಡುತನ ಮಾಯವಾಗಿ ರೈಲಿನಂತೆ ಗೆರೆ ಹಿಡಿಯುತ್ತದೆ.

ಕೊನೆಗೆ ಮೊದಲಿನದನ್ನೇ ಮತ್ತೆ ಓಡಿಸಿ. ಎರಡನೆಯದರ ಸರದಿ ಬರುವಷ್ಟರಲ್ಲಿ ಕಾಲು ಸೋತಿರುತ್ತದೆ. ಆ ದಣಿವಿನಲ್ಲಿ ಮೊದಲಿನದೂ ಭಾರವೆನಿಸಿದರೆ, ಅಲ್ಲಿಯವರೆಗೆ ಅನಿಸಿದ್ದನ್ನು ಬರೆದಿಟ್ಟ ಚೀಟಿ ಹರಿದು ಹಾಕಿ, ಬಾಟಲಿಗಳ ನೀರು ಕುಡಿದು, ಇನ್ನೊಂದು ದಿನ ಬನ್ನಿ.