ಬ್ರೆಕ್ಸಿಟ್ ಜಗಳದ ಮಧ್ಯೆ ಬ್ಯಾಂಕ್ ಷೇರು ನೋಡುವುದು ಹೇಗೆ?

ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹತ್ತೊಂಬತ್ತು ಜನ ಇದ್ದೇವೆ. ಹೆಚ್ಚಿನವರು ಬಸವನಗುಡಿಯ ಬ್ಯೂಗಲ್ ರಾಕ್ ಪಾರ್ಕಿನಲ್ಲಿ ಬೆಳಿಗ್ಗೆ ನಡೆಯುವವರು. ಒಬ್ಬ ಮಾತ್ರ ಲಂಡನ್ನಿನ ಕ್ರಾಯ್ಡನ್‌ನಲ್ಲಿದ್ದಾನೆ, ನನ್ನ ತಂಗಿ ಮಗ. ಅವನ ಹತ್ತಿರ ಲಾಯ್ಡ್ಸ್ ಬ್ಯಾಂಕಿನ ಷೇರು ಇದೆ. ಬ್ರೆಕ್ಸಿಟ್, ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟು ಹೊರಬಂದದ್ದು, ಅವನಿಗೆ ಮೈಯೆಲ್ಲಾ ಉರಿ. ಗುಂಪಿನಲ್ಲಿರುವ ನಿವೃತ್ತ ಎಂಜಿನಿಯರ್ ಒಬ್ಬರಿಗೆ ಅದು ಬ್ರಿಟಿಷರ ಸ್ವಾಭಿಮಾನದ ಪ್ರಶ್ನೆ. ಅವರ ಬಳಿ ಲಾಯ್ಡ್ಸಿನ ಒಂದು ಷೇರೂ ಇಲ್ಲ. ಆದರೂ 2016ರಿಂದ ಇಬ್ಬರೂ ಜಗಳ ನಿಲ್ಲಿಸಿಲ್ಲ.

ನಾನು ಬ್ಯಾಂಕೊಂದರ ಸಾಲ ವಿಭಾಗದಲ್ಲಿ 27 ವರ್ಷ ಕೂತವಳು. ಇಂಥ ಜಗಳ ಕೇಳುತ್ತಾ ಕೇಳುತ್ತಾ ನನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಅದನ್ನು ಫೀಸು ಕಟ್ಟಿಯೇ ಕಲಿತದ್ದು.

2016ರ ಜೂನ್ 24, ಶುಕ್ರವಾರ. ಲಂಡನ್ನಿನಲ್ಲಿ ರಾತ್ರಿಯಿಡೀ ಮತ ಎಣಿಕೆ. ‘ಹೊರಬರೋಣ’ ಎಂದವರೇ ಗೆದ್ದರು ಅಂತ ಬಿಬಿಸಿ ಹೇಳಿದಾಗ ನಮ್ಮಲ್ಲಿ ಬೆಳಿಗ್ಗೆ 9:10ರ ಹೊತ್ತು. 9:15ಕ್ಕೆ ಪೇಟೆ ತೆರೆಯುತ್ತದೆ. ಆ ಐದು ನಿಮಿಷ ನನ್ನ ತಲೆ ಓಡಿದ್ದು ಇಷ್ಟೇ: ಜಾಗ್ವಾರ್ ಲ್ಯಾಂಡ್ ರೋವರ್ ಟಾಟಾ ಮೋಟರ್ಸ್‌ನದ್ದು, ಇಂಗ್ಲೆಂಡ್ ಹೋಯಿತು ಅಂದರೆ ಅದೂ ಹೋಯಿತು. ಒಲೆಯ ಮೇಲೆ ಹಾಲಿಟ್ಟು 200 ಷೇರು ಮಾರಿದೆ. ಹಾಲೂ ಉಕ್ಕಿತು. ಸೆನ್ಸೆಕ್ಸ್ ಮಧ್ಯದಲ್ಲಿ ಸಾವಿರ ಅಂಶಕ್ಕಿಂತ ಜಾಸ್ತಿ ಬಿದ್ದು, ಕೊನೆಗೆ ಸುಮಾರು 600 ಅಂಶ ಕೆಳಗೆ ನಿಂತಿತು. ಟಾಟಾ ಮೋಟರ್ಸ್ ಸುಮಾರು 8% ಇಳಿಯಿತು. ಆಗಸ್ಟ್ ಹೊತ್ತಿಗೆ ಅದೇ ಷೇರು ಮತದಾನಕ್ಕೆ ಮುಂಚಿನ ಬೆಲೆ ದಾಟಿತ್ತು. ಜಾಗ್ವಾರ್ ಕಂಪನಿ ಸಂಬಳ ಕೊಡುವುದು ಪೌಂಡಿನಲ್ಲಿ, ಕಾರು ಮಾರುವುದು ಅಮೆರಿಕ, ಚೀನಾದಲ್ಲೂ. ಪೌಂಡ್ ಬಿದ್ದರೆ ಅಂಥವರಿಗೆ ಅನುಕೂಲವೂ ಇರಬಹುದು ಅಂತ ನನಗೆ ಹೊಳೆಯಲೇ ಇಲ್ಲ. ಸಾಲ ಕೇಳಲು ಬಂದವರಿಗೆಲ್ಲ ‘ದುಡ್ಡು ಎಲ್ಲಿಂದ ಬರುತ್ತೆ?’ ಅಂತ ಕೇಳುತ್ತಿದ್ದವಳು ನಾನೇ!

ಹಾಗಾಗಿ ಮೊದಲ ಮಾತು, ಫಲಿತಾಂಶ ಬಂದ ದಿನ ಕೊಳ್ಳಬೇಡಿ, ಮಾರಬೇಡಿ. ನೋಟ್‌ಬುಕ್ ತೆಗೆಯಿರಿ. ನನ್ನದು ಗಾಂಧಿ ಬಜಾರಿನಲ್ಲಿ ಕೊಂಡ ಇನ್ನೂರು ಪುಟದ ಗೆರೆ ಪುಸ್ತಕ. ಯಾರಾದರೂ ‘ಬ್ಯಾಂಕ್ ಮುಳುಗುತ್ತೆ’ ಅಥವಾ ‘ಡಬಲ್ ಆಗುತ್ತೆ’ ಅಂದರೆ ಆ ಮಾತು ಬರೆದು, ಪಕ್ಕದಲ್ಲಿ ಒಂದು ಪ್ರಶ್ನೆ ಬರೆಯುತ್ತೇನೆ: ಈ ರಾಜಕೀಯ ಯಾವ ಬಾಗಿಲಿನಿಂದ ಬ್ಯಾಂಕಿನೊಳಗೆ ಬರುತ್ತದೆ?

ಎಲ್ಲಕ್ಕಿಂತ ದೊಡ್ಡ ಬಾಗಿಲು ಬಡ್ಡಿ. ಬ್ಯಾಂಕ್ ಬದುಕುವುದು ಸಾಲದ ಬಡ್ಡಿಗೂ ಠೇವಣಿ ಬಡ್ಡಿಗೂ ನಡುವಿನ ಅಂತರದ ಮೇಲೆ. ಬ್ರೆಕ್ಸಿಟ್ ಮತದಾನದ ನಂತರ, 2016ರ ಆಗಸ್ಟ್ 4ರಂದು, ಬ್ಯಾಂಕ್ ಆಫ್ ಇಂಗ್ಲೆಂಡ್ (ನಮ್ಮ ರಿಸರ್ವ್ ಬ್ಯಾಂಕ್ ಇದ್ದ ಹಾಗೆ) ಬಡ್ಡಿ ದರವನ್ನು 0.5%ರಿಂದ 0.25%ಕ್ಕೆ ಇಳಿಸಿತು. ಕಾಲು ಪರ್ಸೆಂಟ್ ತಾನೇ ಅನ್ನಬೇಡಿ. ಸಾಲದ ಬಡ್ಡಿ ಇಳಿಯುತ್ತದೆ. ಆದರೆ ಉಳಿತಾಯ ಖಾತೆಯವರಿಗೆ ಆಗಲೇ ಸೊನ್ನೆಯ ಹತ್ತಿರ ಕೊಡುತ್ತಿದ್ದರೆ ಅಲ್ಲಿ ಇನ್ನೇನು ಇಳಿಸುವುದು? ಅಂತರ ಕಿರಿದಾಗುತ್ತದೆ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ದರ 0.1%ಕ್ಕೆ ಬಂತು. 2023ರ ಆಗಸ್ಟ್‌ಗೆ 5.25%ಕ್ಕೆ ಏರಿತು. ಲಾಯ್ಡ್ಸ್ ಷೇರಿನ ಕಥೆ ಅರ್ಧಕ್ಕರ್ಧ ಈ ಸಾಲುಗಳಲ್ಲೇ ಇದೆ. ಮತದಾನಕ್ಕೆ ಮುಂಚೆ 72 ಪೆನ್ಸ್ (ನೂರು ಪೆನ್ಸ್ ಅಂದರೆ ಒಂದು ಪೌಂಡ್) ಹತ್ತಿರ ಇದ್ದದ್ದು ಒಂದೇ ದಿನ ಸುಮಾರು 21% ಬಿತ್ತು. 2020ರಲ್ಲಿ 25 ಪೆನ್ಸಿಗೂ ಕೆಳಗೆ ಹೋಯಿತು. 2025ರಲ್ಲಿ ಮತ್ತೆ 72 ದಾಟಿತು. ಎಂಜಿನಿಯರ್ ಸಾಹೇಬರು ‘ನೋಡಿ, ಬ್ರೆಕ್ಸಿಟ್ ಏನೂ ಮಾಡಲಿಲ್ಲ’ ಅಂತಾರೆ. ನನ್ನ ತಂಗಿ ಮಗ ‘ಒಂಬತ್ತು ವರ್ಷ ತಿಂದಿತು’ ಅಂತಾನೆ. ಬಡ್ಡಿಯ ಹೆಸರನ್ನು ಇಬ್ಬರೂ ಎತ್ತುವುದಿಲ್ಲ.

ಇನ್ನೊಂದು, ಬ್ಯಾಂಕಿನ ಗಿರಾಕಿಗಳು ಎಲ್ಲಿದ್ದಾರೆ ಅನ್ನುವುದು. ಅದೇ ಜೂನ್ 24ರಂದು ಎಚ್‌ಎಸ್‌ಬಿಸಿ ಷೇರು ಬಿದ್ದದ್ದು ತೀರಾ ಸ್ವಲ್ಪ. ಅದೂ ಲಂಡನ್ನಿನದ್ದೇ ಬ್ಯಾಂಕ್. ಆದರೆ ಅದರ ಸಂಪಾದನೆಯ ದೊಡ್ಡ ಪಾಲು ಹಾಂಗ್‌ಕಾಂಗ್ ಮತ್ತು ಏಷ್ಯಾದ್ದು. ಲಾಯ್ಡ್ಸ್ ಹಾಗಲ್ಲ. ಅದು ಬ್ರಿಟನ್ನಿನ ಮನೆ ಸಾಲದ ಬ್ಯಾಂಕ್. ಅಲ್ಲಿ ಕೆಲಸ ಹೋದರೆ, ಮನೆ ಬೆಲೆ ಇಳಿದರೆ, ಏಟು ನೇರ ಇದಕ್ಕೇ. ‘ಬ್ರಿಟಿಷ್ ಬ್ಯಾಂಕುಗಳು’ ಅಂತ ಒಟ್ಟಿಗೆ ಮಾತಾಡುವವರ ಮಾತನ್ನು ನಾನು ಪುಸ್ತಕದಲ್ಲಿ ಬರೆಯುವುದೇ ಇಲ್ಲ.

ವಸೂಲಾಗದ ಸಾಲದ ಬಾಗಿಲು ಎಲ್ಲರಿಗೂ ಗೊತ್ತು. ಅದಕ್ಕೆ ಸುದ್ದಿಯನ್ನಲ್ಲ, ಮೂರು ತಿಂಗಳಿಗೊಮ್ಮೆ ಬರುವ ಲೆಕ್ಕವನ್ನು ನೋಡಿ.

ಸರ್ಕಾರದ ಕೈ ಅನ್ನುವ ಬಾಗಿಲೇ ಬೇರೆ. ಇದನ್ನು ಬೆಂಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ, ಅಲ್ವಾ? 2018ರ ಸೆಪ್ಟೆಂಬರ್‌ನಲ್ಲಿ ವಿಜಯಾ ಬ್ಯಾಂಕನ್ನು ಬ್ಯಾಂಕ್ ಆಫ್ ಬರೋಡಾಗೆ ಸೇರಿಸುವ ತೀರ್ಮಾನ ಹೊರಬಿತ್ತು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಎಂ.ಜಿ. ರಸ್ತೆಯಲ್ಲಿ ಪ್ರಧಾನ ಕಚೇರಿ ಮಾಡಿಕೊಂಡಿದ್ದ ಬ್ಯಾಂಕ್. ಷೇರುದಾರರಿಗೆ ಸಾವಿರ ಷೇರಿಗೆ ಬರೋಡಾದ 402 ಷೇರು ಸಿಕ್ಕಿತು. 2019ರ ಏಪ್ರಿಲ್ 1ಕ್ಕೆ ಬೋರ್ಡು ಇಳಿಯಿತು. ಗುಂಪಿನಲ್ಲಿ ಆಗ ನಡೆದ ಮಾತೆಲ್ಲ ಅಭಿಮಾನದ್ದು. 402ರ ಲೆಕ್ಕ ಹಾಕಿದವರು ಇಬ್ಬರೋ ಮೂವರೋ.

ವಿಜಯಾ ಬ್ಯಾಂಕಿನ ಆ ತೀರ್ಮಾನಕ್ಕೆ ಸರಿಯಾಗಿ ಹತ್ತು ವರ್ಷ ಹಿಂದೆ, 2008ರ ಸೆಪ್ಟೆಂಬರ್‌ನಲ್ಲಿ, ಲಾಯ್ಡ್ಸ್ ಕೂಡ ಹೀಗೇ ಒಂದು ಸಂಬಂಧ ಒಪ್ಪಿಕೊಂಡಿತ್ತು. ಮುಳುಗುತ್ತಿದ್ದ ಎಚ್‌ಬಿಒಎಸ್ ಎಂಬ ಬ್ಯಾಂಕನ್ನು ಕೊಳ್ಳಲು ಬ್ರಿಟನ್ ಸರ್ಕಾರ ದಾರಿ ಸುಗಮ ಮಾಡಿಕೊಟ್ಟಿತು. ಅದರ ಕೆಟ್ಟ ಸಾಲಗಳು ಲಾಯ್ಡ್ಸಿನ ಕುತ್ತಿಗೆಗೆ ಬಿದ್ದವು. ಕೊನೆಗೆ ಸರ್ಕಾರವೇ ಸುಮಾರು 43% ಪಾಲು ತೆಗೆದುಕೊಂಡಿತು. ಆ ಪಾಲು ಪೂರ್ತಿ ಮಾರಿ ಮುಗಿಸಿದ್ದು 2017ರ ಮೇ ತಿಂಗಳಲ್ಲಿ. ಪಾಲು ಹೋದರೂ ಕೈ ಹೋಗಲಿಲ್ಲ. 2020ರ ಮಾರ್ಚ್ 31ರಂದು ನಿಯಂತ್ರಕರ ಒತ್ತಾಯಕ್ಕೆ ದೊಡ್ಡ ಬ್ಯಾಂಕುಗಳೆಲ್ಲ ಡಿವಿಡೆಂಡ್, ಅಂದರೆ ಷೇರುದಾರರಿಗೆ ಕೊಡುವ ಲಾಭದ ಪಾಲು, ನಿಲ್ಲಿಸಿದವು. ಡಿವಿಡೆಂಡ್ ನಂಬಿ ಬಾಡಿಗೆ ಕಟ್ಟುತ್ತೇನೆ ಅಂದುಕೊಂಡಿದ್ದ ನನ್ನ ತಂಗಿ ಮಗ ಆ ವಾರ ಗುಂಪಿನಲ್ಲಿ ಒಂದಕ್ಷರ ಬರೆಯಲಿಲ್ಲ.

ತಾರೀಕು ಇಟ್ಟು ಹೇಳುವವರ ವಿಷಯ. ಬ್ರೆಕ್ಸಿಟ್ 2019ರ ಮಾರ್ಚ್ 29ಕ್ಕೆ ಆಗಬೇಕಿತ್ತು. ಏಪ್ರಿಲ್ 12 ಆಯಿತು, ಅಕ್ಟೋಬರ್ 31 ಆಯಿತು, ನಿಜವಾಗಿ ಆದದ್ದು 2020ರ ಜನವರಿ 31ಕ್ಕೆ. ನಮ್ಮ ಮೆಟ್ರೋ ಗಡುವು ನೋಡಿದವರಿಗೆ ಇದೇನು ದೊಡ್ಡ ಆಶ್ಚರ್ಯ ಅಲ್ಲ. ಯಾರಾದರೂ ‘ಆ ತಾರೀಕಿಗೆ ಮುಂಚೆ ಮಾರು’ ಅಂದರೆ, ತಾರೀಕೇ ಮುಂದಕ್ಕೆ ಹೋದರೆ ಏನು ಮಾಡ್ತೀರಿ ಅಂತ ಕೇಳಿ. ಉತ್ತರ ಬಂದರೆ ಬರೆದುಕೊಳ್ಳಿ. ನನಗೆ ಇದುವರೆಗೆ ಒಂದೇ ಒಂದು ಬಂದಿದೆ, ಅದೂ ಸ್ಟಿಕ್ಕರ್.

ಇನ್ನೊಂದು ಕೇಳಲೇಬೇಕು: ನಿಮ್ಮ ಹತ್ತಿರ ಷೇರು ಇದೆಯಾ, ಎಷ್ಟಕ್ಕೆ ಕೊಂಡಿರಿ? ಕೇಳಲು ಮುಜುಗರ, ನಿಜ. ಆದರೆ 70 ಪೆನ್ಸಿಗೆ ಕೊಂಡವನ ಕಣ್ಣಿಗೆ ಎಲ್ಲ ಸುದ್ದಿಯೂ 70ಕ್ಕೆ ವಾಪಸ್ಸು ಹೋಗುವ ಸುದ್ದಿಯಾಗಿಯೇ ಕಾಣುತ್ತದೆ. ಷೇರೇ ಇಲ್ಲದವರು ಮಾತಾಡುವುದು ಪೂರ್ತಿ ರಾಜಕೀಯ. ಎರಡನ್ನೂ ಕೇಳಿ, ಆದರೆ ಬೇರೆ ಬೇರೆ ತಟ್ಟೆಯಲ್ಲಿ ಇಡಿ. ಇನ್ನು, ಪ್ರತ್ಯೇಕವಾಗಿ ಮೆಸೇಜ್ ಮಾಡಿ ‘ಟಿಪ್ಸ್ ಕೊಡ್ತೀನಿ’ ಅನ್ನುವ ಅಪರಿಚಿತರು ಬಂದರೆ ಸುಮ್ನೆ ಬ್ಲಾಕ್ ಮಾಡಿ.

ಈ ಪದ್ಧತಿ ನನ್ನನ್ನು ಕೈಹಿಡಿದು ಕಾಪಾಡಿದ್ದು 2024ರ ಜೂನ್ 4ರಂದು, ನಮ್ಮದೇ ಲೋಕಸಭೆ ಎಣಿಕೆಯ ದಿನ. ಸೆನ್ಸೆಕ್ಸ್ ಹತ್ತಿರ ಹತ್ತಿರ 6% ಬಿತ್ತು, ಎಸ್‌ಬಿಐ ಸುಮಾರು 14%. ಗುಂಪಿನಲ್ಲಿ ಒಂದೇ ಗಂಟೆಯಲ್ಲಿ ನೂರಕ್ಕೂ ಜಾಸ್ತಿ ಮೆಸೇಜ್. ಪುಸ್ತಕ ತೆಗೆದು ಬಾಗಿಲುಗಳನ್ನು ಒಂದೊಂದಾಗಿ ನೋಡಿದೆ. ಬಡ್ಡಿ ಬದಲಾಗಿಲ್ಲ. ಗಿರಾಕಿಗಳು ನಿನ್ನೆಯವರೇ. ಕೆಟ್ಟ ಸಾಲ ರಾತ್ರೋರಾತ್ರಿ ಹೆಚ್ಚಾಗಿಲ್ಲ. ಸರ್ಕಾರದ ಕೈ ಮಾತ್ರ ಅನುಮಾನ, ಅದಕ್ಕೂ ತಿಂಗಳುಗಳು ಬೇಕು. ಷೇರು ಹಾಗೇ ಬಿಟ್ಟು ಹುಳಿ ಮಾಡಲು ಹೋದೆ. ಆ ಶುಕ್ರವಾರ ಸೆನ್ಸೆಕ್ಸ್ ಹೊಸ ದಾಖಲೆಯಲ್ಲಿ ಮುಗಿಯಿತು.

ಇಷ್ಟೆಲ್ಲ ಆದ ಮೇಲೂ ಬೆಂಗಳೂರಿನಲ್ಲಿ ಕೂತು ಲಾಯ್ಡ್ಸ್ ಕೊಳ್ಳಲೇಬೇಕು ಅಂದರೆ ನ್ಯೂಯಾರ್ಕ್ ಪೇಟೆಯ ಎಡಿಆರ್, ಅಂದರೆ ವಿದೇಶಿ ಷೇರಿನ ಬದಲಿಗೆ ಅಮೆರಿಕದಲ್ಲಿ ಮಾರುವ ರಸೀದಿ, ಒಂದು ದಾರಿ. ಒಂದು ಎಡಿಆರ್ ಅಂದರೆ ನಾಲ್ಕು ಷೇರು. ಬೆಲೆ ಡಾಲರಿನಲ್ಲಿ, ಸಂಪಾದನೆ ಪೌಂಡಿನಲ್ಲಿ, ನಿಮ್ಮ ಲೆಕ್ಕ ರೂಪಾಯಿಯಲ್ಲಿ. ಮೂರೂ ಕುಣಿಯುತ್ತವೆ. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ (ವಿದೇಶಕ್ಕೆ ಹಣ ಕಳಿಸುವ ಯೋಜನೆ) ಪ್ರಕಾರ ಒಬ್ಬರು ವರ್ಷಕ್ಕೆ 2,50,000 ಡಾಲರ್ ತನಕ ಕಳಿಸಬಹುದು. 2025ರ ಏಪ್ರಿಲ್‌ನಿಂದ ಹೂಡಿಕೆಗೆ 10 ಲಕ್ಷ ರೂಪಾಯಿ ದಾಟಿದರೆ, ದಾಟಿದ ಭಾಗಕ್ಕೆ 20% ಟಿಸಿಎಸ್ (ಮುಂಗಡವಾಗಿ ವಸೂಲು ಮಾಡುವ ತೆರಿಗೆ) ಹಿಡಿಯುತ್ತಾರೆ, ಅದನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು. ರಿಟರ್ನ್‌ನಲ್ಲಿ ಶೆಡ್ಯೂಲ್ ಎಫ್‌ಎ ತುಂಬಬೇಕು. ಅದು ವಿದೇಶದ ಆಸ್ತಿ ತೋರಿಸುವ ಪಟ್ಟಿ, ಜನವರಿಯಿಂದ ಡಿಸೆಂಬರ್ ಲೆಕ್ಕ, ಏಪ್ರಿಲ್–ಮಾರ್ಚ್ ಅಲ್ಲ. ಹಾಗಾಗಿ ಡಿಸೆಂಬರ್ 31ರ ಸ್ಟೇಟ್‌ಮೆಂಟನ್ನು ಜನವರಿಯಲ್ಲೇ ಇಳಿಸಿಕೊಂಡು ಬೇರೆ ಫೋಲ್ಡರಿನಲ್ಲಿ ಇಟ್ಟುಬಿಡಿ. ಜುಲೈನಲ್ಲಿ ಹುಡುಕಲು ಹೋದರೆ ಪಾಸ್‌ವರ್ಡೇ ಮರೆತಿರುತ್ತದೆ.