ಭಾರ ಪೆಟ್ಟಿಗೆ ಹೊರಬೇಕು, ಹಣ್ಣಲ್ಲ

ಸಾಗಣೆಯಲ್ಲಿ ಹಣ್ಣಿಗೆ ಗಾಯವಾಗುವುದು ಮೂರು ಬಗೆಯಲ್ಲಿ: ಬಿದ್ದು ಪೆಟ್ಟಾಗಿ, ಭಾರಕ್ಕೆ ಒತ್ತಿ, ದಾರಿಯುದ್ದಕ್ಕೂ ಕುಲುಕಿ ಉಜ್ಜಿ. ಪೆಟ್ಟು ಬಿದ್ದ ತಕ್ಷಣ ಕಾಣುವುದಿಲ್ಲ, ತಡವಾಗಿ ಕಂದುಗಟ್ಟುತ್ತದೆ. ಹಾಗಾಗಿ ದೂರು ಲಾರಿಯವನ ಮೇಲೆ ಹೋದರೂ ಎಷ್ಟೋ ಸಲ ತಪ್ಪು ಪ್ಯಾಕಿಂಗ್ ಮೇಜಿನ ಮೇಲೆಯೇ ಆಗಿರುತ್ತದೆ.

ನಾನು ಮೇಜಿಗೆ ಫೋಮ್ ಹಾಸುತ್ತೇನೆ. ಕ್ರೇಟಿನಿಂದ ಹಣ್ಣು ಸುರಿಯುವಂತಿಲ್ಲ, ಕೈಯಿಂದಲೇ ಎತ್ತಿಡಬೇಕು, ಉಗುರು ಕತ್ತರಿಸಿರಬೇಕು. ಮಾವಾದರೆ ತೊಟ್ಟನ್ನು 1 ಸೆಂ.ಮೀ. ಉಳಿಸಿ ಕತ್ತರಿಸಿ, ಬೋರಲು ಇಟ್ಟು ಸೊನೆ ಇಳಿಸುತ್ತೇನೆ. ಸೊನೆ ತಾಗಿದ ಸಿಪ್ಪೆ ಸುಟ್ಟಂತೆ ಕಪ್ಪಾಗುತ್ತದೆ.

ಪೆಟ್ಟಿಗೆ ತುಂಬುವ ಮಟ್ಟದಲ್ಲೇ ಅರ್ಧ ಗೆಲುವಿದೆ. ಅಂಚಿಗಿಂತ ಮೇಲೆ ತುಂಬಿದರೆ ಮೇಲಿನ ಪೆಟ್ಟಿಗೆಯ ಭಾರವನ್ನು ಹಣ್ಣು ಹೊರುತ್ತದೆ. ಕಡಿಮೆ ತುಂಬಿದರೆ ಉರುಳಾಡಿ ಉಜ್ಜುತ್ತದೆ. ಅಂಚಿಗಿಂತ ಸುಮಾರು 1 ಸೆಂ.ಮೀ. ಕೆಳಗೆ ನಿಲ್ಲಿಸಿ, ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿ ಕೂರಿಸಿ, ಉಳಿದ ಜಾಗಕ್ಕೆ ಕಾಗದದ ಚೂರು ತುಂಬುತ್ತೇನೆ. ಮುಚ್ಚಿ ಅಲುಗಾಡಿಸಿದಾಗ ಸದ್ದು ಬಂದರೆ ಮತ್ತೆ ಬಿಚ್ಚುವುದೇ.

ರಟ್ಟಿನ ಪೆಟ್ಟಿಗೆಯ ಬಲವೆಲ್ಲ ಹೆಚ್ಚಾಗಿ ನಾಲ್ಕು ಮೂಲೆಗಳಲ್ಲಿ. ಅದಕ್ಕೇ ಮೂಲೆಯ ಮೇಲೆ ಮೂಲೆ ಬರುವಂತೆ ನೇರ ಜೋಡಿಸಬೇಕು. ಇಟ್ಟಿಗೆ ಗೋಡೆಯಂತೆ ಒಂದಕ್ಕೊಂದು ಹೆಣೆದರೆ ನೋಡಲು ಭದ್ರ, ಆದರೆ ಭಾರ ಕೆಳಗಿನ ಪೆಟ್ಟಿಗೆಯ ಗೋಡೆಯ ನಡುಭಾಗಕ್ಕೆ ಬಿದ್ದು ತಾಳಿಕೆ ಅರ್ಧದಷ್ಟು ಕುಸಿಯಬಹುದು. ಈ ತಪ್ಪನ್ನು ಅನುಭವಸ್ಥರೂ ಮಾಡುತ್ತಾರೆ. ಗಾಳಿಯ ತೂತುಗಳು ಬದಿಯ ವಿಸ್ತೀರ್ಣದ ಸುಮಾರು ಶೇ. 5ರಷ್ಟಿದ್ದರೆ ಸಾಕು, ಮೂಲೆಯಿಂದ 5 ಸೆಂ.ಮೀ. ದೂರವಿರಲಿ. ರಟ್ಟಿನೊಳಗಿನ ಅಲೆಗಳು ನಿಂತ ದಿಕ್ಕಿನಲ್ಲಿರಬೇಕು, ಅಡ್ಡಕ್ಕಿದ್ದರೆ ಪೆಟ್ಟಿಗೆ ಬೇಗ ಮಡಿಯುತ್ತದೆ.

ತೇವ ರಟ್ಟಿನ ಶತ್ರು. ತಣ್ಣಗಿನ ಕೋಣೆಯಿಂದ ಬಿಸಿಗಾಳಿಗೆ ತಂದರೆ ಹಣ್ಣಿನ ಮೇಲೆ ನೀರು ಕಟ್ಟುತ್ತದೆ; ರಟ್ಟು ಮೆತ್ತಗಾಗುತ್ತದೆ, ಕೊಳೆಗೂ ದಾರಿಯಾಗುತ್ತದೆ. ಹಾಗೆಂದು ಎಲ್ಲ ಹಣ್ಣನ್ನೂ ಒಂದೇ ತಂಪಿನಲ್ಲಿ ಇಡಲಾಗದು: ಬಾಳೆ 13 ಡಿಗ್ರಿಗಿಂತ ಕೆಳಗೆ ಹೋದರೆ ಸಿಪ್ಪೆ ಕಂದಾಗುತ್ತದೆ.

ಲಾರಿಯಲ್ಲಿ ಹೆಚ್ಚು ಕುಲುಕುವುದು ಹಿಂದಿನ ಅಚ್ಚಿನ ಮೇಲ್ಭಾಗ ಮತ್ತು ಅಟ್ಟಿಯ ತುದಿಯ ಪೆಟ್ಟಿಗೆಗಳು. ಮೆತ್ತನೆ ಹಣ್ಣನ್ನು ಅಲ್ಲಿಡುವುದಿಲ್ಲ. ಮೇಲಿನ ಸಾಲನ್ನು ಬೆಲ್ಟಿನಿಂದ ಬಿಗಿದು, ಅಟ್ಟಿಗಳ ನಡುವಿನ ಸಂದಿಯನ್ನು ಅಲುಗದಂತೆ ಬಿಗಿಯಾಗಿ ತುಂಬುತ್ತೇನೆ.

ಇಳಿಸಿದಾಗ ಹಿಂಬದಿಯ ಅಟ್ಟಿಯ ತುದಿಯದೊಂದು, ಬುಡದ್ದೊಂದು ಪೆಟ್ಟಿಗೆ ತೆರೆಸುತ್ತೇನೆ. ಬುಡದ ಹಣ್ಣು ಚಪ್ಪಟೆಯಾಗಿದ್ದರೆ ಜೋಡಣೆ ತಪ್ಪು ಅಥವಾ ರಟ್ಟು ತೆಳು. ತುದಿಯ ಹಣ್ಣಿನ ಸಿಪ್ಪೆಯಲ್ಲಿ ಕಂದು ಪಟ್ಟೆ ಇದ್ದರೆ ಪೆಟ್ಟಿಗೆ ಸಡಿಲ. ಎಲ್ಲೆಡೆ ಒಂದೊಂದು ಮೆತ್ತನೆಯ ಗುಂಡಿ ಕಂಡರೆ ಹುಡುಕಬೇಕಾದ್ದು ಮೇಜಿನ ಬಳಿ.