ಡಿಸ್ಟರ್ಬ್ ಆದದ್ದು ಏನು? ಒಂದು ಕ್ರಿಯಾಪದ ಅನುವಾದಿಸಿದ ನನ್ನ ಅನುಭವ

‘ಡಿಸ್ಟರ್ಬ್’ ಅಂದರೆ ‘ತೊಂದರೆ ಕೊಡು’, ಅದಕ್ಕೂ ಒಂದು ಪದ್ಧತಿ ಬೇಕೇ ಅಂದವರೇ ಹೆಚ್ಚು. ಆರೇಳು ತಿಂಗಳಿಂದ ಈ ಪದದ ಕಾರಣಕ್ಕೆ ನಾನು ಅನುವಾದಿಸಿದ ಒಂದು ಕಡತವೂ ತಿದ್ದಲು ವಾಪಸ್ ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೆಟ್ಟದ್ದು. ಮಣ್ಣು ಪರೀಕ್ಷೆಯ ವರದಿಯ ‘ಅನ್‌ಡಿಸ್ಟರ್ಬ್ಡ್ ಸ್ಯಾಂಪಲ್’ಗೆ ‘ತೊಂದರೆಗೊಳಗಾಗದ ಮಾದರಿ’ ಅಂತ ಹಾಕಿದ್ದೆ. ಕೊಳವೆ ಇಳಿಸಿ, ಕಣಗಳ ಜೋಡಣೆಯಾಗಲಿ ತೇವವಾಗಲಿ ಕೆಡದಂತೆ ತೆಗೆದ ಮಣ್ಣು ಅದು. ‘ಕದಡದ ಮಣ್ಣಿನ ಮಾದರಿ’ ಆಗಬೇಕಿತ್ತು. ‘ಡಿಸ್ಟರ್ಬಿಂಗ್ ವಿಡಿಯೊ’ಗೆ ‘ತೊಂದರೆದಾಯಕ ವಿಡಿಯೊ’ ಅಂದಾಗ ಫೋನಿಗೇ ಹಾನಿ ಎಂಬ ಅರ್ಥ ಬಂತು. ‘ಮನಸ್ಸು ಕಲಕುವ ದೃಶ್ಯಗಳಿವೆ’ ಅಂದರೆ ಸಾಕಿತ್ತು. ಪದಕ್ಕೆ ಒಂದು ರೂಪಾಯಿ ಆಸುಪಾಸಿನ ದರ, ತಿದ್ದುವುದಕ್ಕೆ ದುಡ್ಡಿಲ್ಲ. ಎರಡು ಸಲ ವಾಪಸ್ ಬಂದರೆ ಅದೇ ದುಡ್ಡಿಗೆ ಮತ್ತೆ ಮತ್ತೆ ದುಡಿಯಬೇಕು.

ಈಗ ಕ್ರಿಯಾಪದವನ್ನು ಬಿಟ್ಟು ಕರ್ಮವನ್ನು, ಅಂದರೆ ಡಿಸ್ಟರ್ಬ್ ಆಗುವುದು ಏನು ಅನ್ನುವುದನ್ನು ಹಿಡಿಯುತ್ತೇನೆ. ನೀರು, ಮಣ್ಣು ಆದರೆ ಕದಡು. ಅಪರಾಧ ನಡೆದ ಜಾಗದ ವಸ್ತುಗಳಾದರೆ ಕದಲಿಸು. ನಿದ್ದೆ ಕೆಡಿಸು, ಪಾಠಕ್ಕೆ ಅಡ್ಡಿಪಡಿಸು. ಭಾರತೀಯ ನ್ಯಾಯ ಸಂಹಿತೆಯ 300ನೇ ಕಲಮು (ಹಳೆಯ ಐಪಿಸಿಯ 296) ಧಾರ್ಮಿಕ ಸಭೆಯನ್ನು ಡಿಸ್ಟರ್ಬ್ ಮಾಡುವ ಅಪರಾಧದ್ದು. ಅಲ್ಲೂ ‘ಅಡ್ಡಿ’ಯೇ ಸರಿ. 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯ ‘ಡಿಸ್ಟರ್ಬ್ಡ್ ಏರಿಯಾ’ ಪತ್ರಿಕೆಗಳಲ್ಲಿ ‘ಪ್ರಕ್ಷುಬ್ಧ ಪ್ರದೇಶ’ವಾಗಿ ನೆಲೆನಿಂತಿದೆ, ಅದನ್ನು ಮುಟ್ಟಬಾರದು.

ಕಷ್ಟ ಇರುವುದು ಕರ್ಮದ ಜಾಗದಲ್ಲಿ ಮನುಷ್ಯ ಕೂತಾಗ. ‘ಡೋಂಟ್ ಡಿಸ್ಟರ್ಬ್ ಹಿಮ್’ ಅಂದಾಗ ನಿಜವಾದ ಕರ್ಮ ಅಡಗಿರುತ್ತದೆ. ಅವರು ಮಲಗಿದ್ದರೆ ‘ಎಬ್ಬಿಸಬೇಡಿ’, ಕೆಲಸದಲ್ಲಿದ್ದರೆ ‘ಈಗ ಮಾತಾಡಿಸಬೇಡಿ’. ಸುದ್ದಿಯೋ ಘಟನೆಯೋ ಕರ್ತೃವಾಗಿದ್ದರೆ ಕೆಡುವುದು ಮನಸ್ಸು. ಆಗ ಇಂಗ್ಲಿಷಿನ ಕರ್ತೃವನ್ನು ಹಾಗೇ ಇಳಿಸಿ ‘ಸುದ್ದಿ ಅವಳನ್ನು ಕದಡಿತು’ ಅಂದರೆ ಕನ್ನಡ ನಿಲ್ಲುವುದಿಲ್ಲ. ‘ಸುದ್ದಿ ಕೇಳಿ ಅವಳ ಮನಸ್ಸು ಕಲಕಿತು’ ಅನ್ನಬೇಕು. ಕರ್ತೃವೂ ಮನುಷ್ಯ, ಕರ್ಮವೂ ಮನುಷ್ಯ, ಸಂದರ್ಭ ತಿಳಿಯದು ಅನ್ನುವಾಗ ನಾನು ನೋಡುವ ಇನ್ನೊಂದು ಗುರುತಿದೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

‘ಭಂಗ’ ನನಗೆ ತುಂಬ ಪ್ರೀತಿಯ ಪದ: ನಿದ್ರಾಭಂಗ, ತಪೋಭಂಗ, ಶಾಂತಿಭಂಗ. ಆದರೆ ವ್ಯಕ್ತಿಗೆ ನೇರವಾಗಿ ಹಚ್ಚಿದರೆ ಓದುಗರಿಗೆ ‘ಮಾನಭಂಗ’ ನೆನಪಾಗುತ್ತದೆ, ಅರ್ಥವೇ ಬೇರೆಯಾಗುತ್ತದೆ.

ನಡುವೆ ಸಂಭಾಷಣೆಗಳಲ್ಲಿ ಪದವನ್ನು ಅನುವಾದಿಸದೆ ಬಿಟ್ಟೂ ನೋಡಿದೆ. ಆಡುಮಾತು ಆಗಲೇ ಅರ್ಥ ಹಂಚಿಕೊಂಡಿದೆ. ‘ಡಿಸ್ಟರ್ಬ್ ಮಾಡಬೇಡ’ ಅಂದರೆ ಹೆಚ್ಚಾಗಿ ಕೆಲಸಕ್ಕೆ ಅಡ್ಡಿ. ‘ಅವನು ತುಂಬಾ ಡಿಸ್ಟರ್ಬ್ ಆಗಿದಾನೆ’ ಅಂದರೆ ಮನಸ್ಸು ಸರಿಯಿಲ್ಲ. ಹಾಗಾಗಿ ಪಾತ್ರಗಳ ಬಾಯಲ್ಲಿ ‘ಆಗು’ ಜೊತೆಗಿದ್ದರೆ ಇಂಗ್ಲಿಷ್ ಪದವನ್ನೇ ಉಳಿಸುತ್ತೇನೆ. ಅನಗತ್ಯ ಕರೆ ತಡೆಯಲು 1909ಕ್ಕೆ ಸಂದೇಶ ಕಳಿಸುವ ‘ಡಿಎನ್‌ಡಿ’ಯನ್ನೂ (ಡು ನಾಟ್ ಡಿಸ್ಟರ್ಬ್) ಅಷ್ಟೇ. ಅದಕ್ಕೆ ಎರಡು ಸಲ ಕನ್ನಡ ಪದ ಕೊಟ್ಟೆ, ಎರಡು ಸಲವೂ ಓದಿದವರು ‘ಹಾಗಂದ್ರೇನು?’ ಅಂದರು.